ಲೋಕಯ್ಯನ ಸ್ವರದ ಬಾಡಿಗೆ

ನಾನು ಒಂದು ಕ್ರೆಡಿಟ್ ಕಾರ್ಡ್. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಬಿಸಿ ಪ್ಲಾಸ್ಟಿಕ್ ಹಾಳೆಗಳ ನಡುವೆ. ಜೊತೆಯಲ್ಲಿ ಹುಟ್ಟಿದವರೆಲ್ಲ ಪರ್ಸು ಸೇರಿ ಬಟ್ಟೆ ಅಂಗಡಿ, ಹೋಟೆಲು ಎಂದು ತಿರುಗಿರಬೇಕು. ನಾನು ಸೇರಿದ್ದು ಮಲ್ಪೆಯ ಪ್ರಮೀಳಾಳ ಮೇಜಿನ ಡ್ರಾಯರನ್ನು.

ಪ್ರಮೀಳಾ ಮನೆಯಲ್ಲೇ ಕೂತು ಮದುವೆಗೆ ಕರೆಯುವ ಕಾಗದ ವಿನ್ಯಾಸ ಮಾಡುವವಳು. ಚಿತ್ರ ಬಿಡಿಸುವ ಸಾಫ್ಟ್‌ವೇರಿಗೆ ಡಾಲರು, ಅಂದದ ಅಕ್ಷರಗಳಿಗೆ ಯೂರೋ, ಫೋಟೋಗಳಿಗೆ ಪೌಂಡು. ಅವಳ ಬಾಯಲ್ಲಿ ಇವೆಲ್ಲ 'ಬಾಡಿಗೆ'. ತಿಂಗಳು ತಿಂಗಳು ಎಲ್ಲವೂ ನನ್ನಿಂದಲೇ ಹೋಗಬೇಕು. ನನ್ನ ನಂಬರು ದೇಶ ದೇಶ ಸುತ್ತಿತು. ನಾನು ಮಾತ್ರ ಸ್ಟೇಪ್ಲರ್ ಪಿನ್ನುಗಳ ಪಕ್ಕ ಬಿದ್ದಿದ್ದೆ. ದುಡಿಯುವಾಗಲೂ ಯಾರೂ ಮುಟ್ಟದ ಬಾಳು ನನ್ನದು. ಒಂಟಿತನ ನನಗೆ ಹೊಸದಲ್ಲ, ಆದರೆ ಅದು ರೂಢಿಯೂ ಆಗಲಿಲ್ಲ.

ಅವಳ ಗಂಡ ಲೋಕಯ್ಯ ಬಂದರಿನಲ್ಲಿ ಮೀನು ಏಲಂ ಕೂಗುತ್ತಿದ್ದವನು. ಗಂಟಲಿನ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಪರೇಷನ್ನಿಗೆ ಮೊದಲು ಆಸ್ಪತ್ರೆಯವರು ಅವನ ಸ್ವರವನ್ನು ಧ್ವನಿಮುದ್ರಿಸಿ ಫೋನಿಗೆ ಕಲಿಸಿದರು. ಆಮೇಲೆ ಅವನು ಟೈಪ್ ಮಾಡಿದ್ದನ್ನೆಲ್ಲ ಫೋನು ಅವನದೇ ಸ್ವರದಲ್ಲಿ ಹೇಳುತ್ತಿತ್ತು. ಅದಕ್ಕೂ ನನ್ನ ನಂಬರನ್ನೇ ಕೊಟ್ಟಿದ್ದರು. ಮೊದಲ ವರ್ಷ ಪುಕ್ಕಟೆ, ಮುಂದೆ ಬಾಡಿಗೆ. ಆ ಗಡಿಬಿಡಿಯಲ್ಲಿ ಪ್ರಮೀಳಾ ಇದನ್ನು ಮರೆತೇಬಿಟ್ಟಳು.

ಫೋನಿನ ಲೋಕಯ್ಯ ಏಲಂ ಗತ್ತಿನಲ್ಲೇ ಅನ್ನ ಕೇಳುತ್ತಿದ್ದ, ಏಲಂ ಗತ್ತಿನಲ್ಲೇ ಪಕ್ಕದ ಮನೆಯ ಬೆಕ್ಕನ್ನು ಬೈಯುತ್ತಿದ್ದ. ಡ್ರಾಯರಿನ ಕತ್ತಲಲ್ಲಿ ನನಗೆ ಅದೊಂದೇ ಜೊತೆ.

ಜಡಿಮಳೆಯ ಆಟಿ ತಿಂಗಳು ಬಂತು. ಈ ಕಡೆ ಆಟಿಯಲ್ಲಿ ಮದುವೆ ಮಾಡುವುದಿಲ್ಲ, ಪ್ರಮೀಳಾಳಿಗೆ ಕೆಲಸವಿಲ್ಲ. ಡಾಲರಿಗೆ ಆಟಿ ಗೊತ್ತೇ? ಅದರ ಮೇಲೆ ರೂಪಾಯಿ ಬೇರೆ ಇಳಿದಿತ್ತು. ಒಂದು ಮಧ್ಯಾಹ್ನ ಅವಳು ಬ್ಯಾಂಕಿನ ಆ್ಯಪ್ ತೆರೆದು ಬಾಡಿಗೆಗಳನ್ನು ಕಡಿಮೆ ಮಾಡಲು ಕೂತಳು. ಮೊದಲು ಗಂಡನ ಕಬಡ್ಡಿ ಚಾನೆಲ್ ಹೋಯಿತು. ಉಳಿದವನ್ನು ಅವಳು ಗುರುತಿಸುವುದು ಕಂಪನಿಯ ಹೆಸರಿನಿಂದಲ್ಲ, ನಾಣ್ಯದಿಂದ. ಡಾಲರು ಚಿತ್ರದ್ದು, ಯೂರೋ ಅಕ್ಷರದ್ದು, ಪೌಂಡು ಫೋಟೋದ್ದು. ಕೊನೆಗೆ, ಹಿಂದೆಂದೂ ಇಲ್ಲದ ಸ್ವೀಡನ್ನಿನ ಕ್ರೋನಾ ಕಂಡಿತು. ಜೊತೆಗಿದ್ದದ್ದು ಬೇರೆ ಕಂಪನಿಗಳ ಪರವಾಗಿ ಹಣ ಪಡೆಯುವ ಯಾವುದೋ ಸಂಸ್ಥೆಯ ಹೆಸರು. ತನಗೆ ಟೋಪಿ ಹಾಕುವ ಈ ಪುಣ್ಯಾತ್ಮ ಯಾರೆಂದು ಗೊಣಗಿ ಅದನ್ನೂ ರದ್ದು ಮಾಡಿದಳು. ಅದು ಯಾರ ಬಾಡಿಗೆ ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ಬೇಕಲ್ಲ.

ಲೋಕಯ್ಯನ ಫೋನು ಮೂಕವಾಯಿತು. ಹಣ ಬಂದಿಲ್ಲ ಎಂಬ ಸೂಚನೆಯನ್ನು ಓದಿ, ಹೆಂಡತಿ ಗೊತ್ತಿದ್ದೇ ನಿಲ್ಲಿಸಿದಳು ಎಂದುಕೊಂಡ. ಒಂದು ಮಾತೂ ಕೇಳಲಿಲ್ಲ. ಊಟಕ್ಕೆ ಮೇಜು ತಟ್ಟತೊಡಗಿದ. ಚಾನೆಲ್ ಹೋದ ಸಿಟ್ಟಿಗೆ ಮಾತು ಬಿಟ್ಟಿದ್ದಾನೆ ಎಂದು ಅವಳೂ ಮುಖ ಊದಿಸಿಕೊಂಡಳು. ಇಬ್ಬರೂ ಒಂದೇ ಮನೆಯಲ್ಲಿ ಒಬ್ಬೊಬ್ಬರೇ ಇದ್ದರು. ಬೆಕ್ಕಿಗೂ ಬೈಗುಳ ಬೀಳಲಿಲ್ಲ. ನನಗೆ ತಡೆಯಲಾರದಷ್ಟು ದುಃಖವಾಯಿತು.

ಕೊನೆಗೆ ಸೋತವಳು ಅವಳೇ.

"ಒಂದು ಚಾನೆಲ್ಲಿಗೆ ಇಷ್ಟು ಕೋಪವಾ? ಎಂತಾದ್ರೂ ಮಾತಾಡಿ ಮಾರಾಯ್ರೆ."

ಅವನು ಹಳೆಯ ಮದುವೆ ಕಾಗದದ ಬೆನ್ನಿಗೆ ಏನೋ ಬರೆದುಕೊಟ್ಟ. ಅವಳು ಅದನ್ನು ಗಟ್ಟಿಯಾಗಿ ಓದಿದಳು. "ಸ್ವರದ್ದು ನಿಲ್ಲಿಸಿದ್ದು ಒಳ್ಳೇದೇ ಆಯ್ತು. ಕೆಲಸ ಬಂದ ಮೇಲೆ ನೋಡುವ." ಓದುತ್ತ ಓದುತ್ತ ಅವಳ ದನಿ ಬಿತ್ತು.

ಡ್ರಾಯರು ಸಿಡಿದಂತೆ ತೆರೆಯಿತು. ಅವಳು ನನ್ನನ್ನು ಬಾಚಿಕೊಂಡಳು. ನನ್ನನ್ನು ಅಷ್ಟು ಬಿಗಿಯಾಗಿ ಯಾರೂ ಹಿಡಿದಿರಲಿಲ್ಲ. ನನ್ನ ಅವಧಿ ಮುಗಿಯುವ ತಿಂಗಳು ಅದು. ಗಂಡನ ಫೋನಿನಲ್ಲಿ ನನ್ನ ನಂಬರನ್ನು ತಪ್ಪು ಒತ್ತಿದಳು, ಮತ್ತೆ ಒತ್ತಿದಳು. ಕ್ರೋನಾ ಸ್ವೀಡನ್ನಿಗೆ ಹೋಯಿತು, ಫೋನಿಗೆ ಸ್ವರ ಮರಳಿತು.

ಲೋಕಯ್ಯ ತುಂಬ ಹೊತ್ತು ಟೈಪ್ ಮಾಡಿದ.

"ಹೆದರಿದ್ದೆ ಪ್ರಮೀಳಾ. ನಾನು ನಿನಗೆ ದುಬಾರಿ ಆದೆನಾ ಅಂತ."

ಫೋನು ಅದನ್ನು ಬಂಗುಡೆ ಮೀನು ಏಲಂ ಹಾಕುವ ಹುರುಪಿನಲ್ಲಿ ಕೂಗಿತು. ಧ್ವನಿಮುದ್ರಿಸಿದ ದಿನ ಅವನು ಅತ್ತಿರಲಿಲ್ಲ. ಆ ಸ್ವರಕ್ಕೆ ಅಳು ಗೊತ್ತಿಲ್ಲ. ಅಳುವ ಕೆಲಸವನ್ನು ಅವರಿಬ್ಬರೇ ಮಾಡಿದರು.

ಮುಂದಿನ ತಿಂಗಳು ಹೊಸ ಕಾರ್ಡು ಬಂತು. ಬಾಡಿಗೆಗಳೆಲ್ಲ ಅದರ ಹೆಗಲೇರಿದವು. ಬ್ಯಾಂಕಿನವರು ಹೇಳಿದಂತೆ ಪ್ರಮೀಳಾ ನನ್ನನ್ನು ಎರಡು ತುಂಡು ಮಾಡಿ ಕಾಗದದ ಚೂರುಗಳ ಡಬ್ಬಿಗೆ ಹಾಕಿದಳು. ಇಲ್ಲಿಂದಲೂ ಲೋಕಯ್ಯನ ಸ್ವರ ಕೇಳುತ್ತದೆ. ಈಗ ಅವಳು ಯಾವ ಬಾಡಿಗೆ ನಿಲ್ಲಿಸುವುದಿದ್ದರೂ ಮೊದಲು ಒಳಗೆ ಹೋಗಿ ಅವನನ್ನು ಕೇಳುತ್ತಾಳೆ.

ನನ್ನನ್ನು ಕತ್ತರಿಸುವ ಮೊದಲು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ, ಅವನ ಸ್ವರದ್ದೊಂದನ್ನು ಇನ್ನೊಂದು ತಿಂಗಳು ನಾನೇ ಕಟ್ಟುತ್ತೇನೆ ಎನ್ನುತ್ತಿದ್ದೆ.