ಪನ್ನೀರಿನ ಬಾವಲಿ

ನಮ್ಮ ಗುಹೆಯಲ್ಲಿ ನಾಲ್ಕು ಬಗೆಯ ಬಾವಲಿಗಳಿವೆ ಎಂದು ಮೆಜುಮಾ ಬರೆದುಕೊಂಡಳು. ಅವಳು ಬಾವಲಿಗಳ ಬಗ್ಗೆಯೇ ಓದಲು ಮೊಂಬಾಸಾ ಪಟ್ಟಣದಿಂದ ಬಂದ ಹುಡುಗಿ. ನನ್ನ ಲೆಕ್ಕದಲ್ಲಿ ಐದು. ಐದನೆಯದು, ತಲೆಯೆತ್ತಿದವರ ಮುಖಕ್ಕೇ ಗುರಿಯಿಟ್ಟು ಉಚ್ಚೆ ಹೊಯ್ಯುವುದು. ಹಾಗೆ ವಿಂಗಡಿಸುವ ಪದ್ಧತಿ ಇಲ್ಲ ಎಂದು ನಕ್ಕಳು.

ಗುಹೆ ನಮ್ಮ ಹಿರಿಯರ ಆತ್ಮಗಳ ಮನೆ. ಯಾರೇ ಒಳಗೆ ಹೋಗಲಿ, ಮೊದಲು ನಾನು ಹೋಗಿ ಅಪ್ಪಣೆ ಬೇಡಬೇಕು. ಅವಳಿಗಾಗಿ ದಿನವೂ ಬೇಡುತ್ತಿದ್ದೆ.

ಒಂದು ದಿನ ಅವಳು ಲಾಳದಂಥ ಮೂಗಿನ ಬಾವಲಿಯೊಂದನ್ನು ಹಿಡಿದು, ಮುಂಗೈ ಅಳೆದು, ಮೂಸಿ ನೋಡಿ ಬೆರಗಾದಳು.

"ತಾತ, ಇದು ಗುಲಾಬಿ ವಾಸನೆ ಹೊಡೀತಿದೆ. ಯಾವ ಪುಸ್ತಕದಲ್ಲೂ ಇಂಥದ್ದಿಲ್ಲ. ಹೊಸ ಜಾತಿ ಅಂತಾದ್ರೆ ನಿಮ್ಮ ಹೆಸರೇ ಇಡ್ತೀನಿ."

ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಹೋಗುತ್ತದೆ. ನನಗೆ ಮಕ್ಕಳೇ ಇಲ್ಲ. ಮ್ವಾರುವಾ ಎಂಬ ಹೆಸರು ನನ್ನೊಂದಿಗೇ ಮಣ್ಣಾಗುವುದಿತ್ತು. ಈಗ ಅದಕ್ಕೆ ರೆಕ್ಕೆ ಬರಲಿತ್ತು. ಭಾವಮೈದ ಮಸೀದಿಯ ಅಂಗಳದಲ್ಲೇ, ಮ್ವಾರುವಾ ಮಾವಿನಹಣ್ಣು ತಿನ್ನುವ ಜಾತಿಯೋ ಸೊಳ್ಳೆ ತಿನ್ನುವ ಜಾತಿಯೋ ಎಂದು ಕೇಳಿದ. ಹೆಂಡತಿ ತುಮು ಮರಗೆಣಸು ಸುಲಿಯುತ್ತಲೇ ಹೇಳಿದಳು: "ಸರಿಯಾಗೇ ಇದೆ ಬಿಡು. ನೀನೂ ಹಗಲೆಲ್ಲ ನಿದ್ದೆ ಹೊಡೆಯೋನೇ."

ನಿಜ ಏನೆಂದು ನನಗೆ ಗೊತ್ತಿತ್ತು. ಅಪ್ಪಣೆ ಬೇಡುವಾಗ ಹಿರಿಯರಿಗೆಂದು ಪನ್ನೀರನ್ನು ಮೇಲಕ್ಕೆ ಚಿಮುಕಿಸುತ್ತೇನೆ. ತಗ್ಗಿನಲ್ಲಿ ನೇತಾಡುವವು ನೆನೆಯುತ್ತವೆ. ಆದರೂ ಮೂರು ದಿನ ಬಾಯಿ ಬಿಡಲಿಲ್ಲ. ಅಷ್ಟೇ ಅಲ್ಲ, ಆ ಮೂರು ದಿನ ಕೈ ತುಸು ಧಾರಾಳವೂ ಆಯಿತು.

ನಾಲ್ಕನೆಯ ದಿನ ಎಲೆಯಂಥ ಮೂಗಿನ ಬಾವಲಿಗಳೂ ಘಮಘಮಿಸಿದವು. ಮೆಜುಮಾ ಕುಣಿದಾಡಿದಳು. ಅದು ಇನ್ನೊಂದು ಹೊಸ ಜಾತಿಯಂತೆ, ಅದಕ್ಕೆ ತುಮುವಿನ ಹೆಸರಂತೆ. ಸಂಜೆಯೇ ತನ್ನ ಮೇಷ್ಟ್ರುಗಳಿಗೆ ಬರೆದು ಕಳಿಸುವವಳಿದ್ದಳು.

ಅವರೆಲ್ಲ ಸೇರಿ ಈ ಹುಡುಗಿಯನ್ನು ನೋಡಿ ನಗುವುದು ನನ್ನ ಕಣ್ಣಿಗೆ ಕಟ್ಟಿತು. ಸೊಂಟದಿಂದ ಪನ್ನೀರಿನ ಸೀಸೆ ತೆಗೆದು ಅವಳ ಕೈಗಿಟ್ಟೆ.

"ಮೂಸು, ಮಗಳೇ."

ಸೀಸೆ ಮೂಸಿದಳು. ಬಾವಲಿ ಮೂಸಿದಳು. ಮತ್ತೆ ಸೀಸೆ ಮೂಸಿ, ಕಲ್ಲಿನ ಮೇಲೆ ಕುಳಿತುಬಿಟ್ಟಳು.

"ಎಷ್ಟು ದಿನದಿಂದ ಗೊತ್ತಿತ್ತು ನಿಮಗೆ?"

"ಮೊದಲನೇ ದಿನದಿಂದ."

"ಹಾಗಾದ್ರೆ ಹೊಸ ಜಾತಿ ನೀವೇ, ತಾತ."

ಎಂದವಳೇ ತಲೆ ಹಿಂದಕ್ಕೆ ಚೆಲ್ಲಿ ನಗತೊಡಗಿದಳು. ಮೇಲಿನಿಂದ ಗುರಿಯಿಟ್ಟಂತೆ ಸರಿಯಾಗಿ ಮುಖಕ್ಕೇ ಬಿತ್ತು. ನಗು ನಿಂತಿತು. ಮುಖ ಒರೆಸಿಕೊಂಡು, ಮೂಸಿ ನೋಡಿ, ಪುಸ್ತಕ ತೆರೆದಳು.

"ನಿಮ್ಮ ಐದನೇದು ಎಲ್ಲಿ ಕೂರುತ್ತೆ, ತೋರಿಸಿ."

ಬಾಯಿ ಮುಚ್ಚಿಕೊಂಡೇ ಬೆರಳೆತ್ತಿ ತೋರಿಸಿದೆ. ಹೆಸರಿನ ಮಾತನ್ನು ಇಬ್ಬರೂ ಎತ್ತಲಿಲ್ಲ.