ಹಲಗೆಯ ಕೆಳಗೆ

ಆ ಮೊಳೆಗಳು ತನ್ನವಲ್ಲ ಎಂದು ಅಹ್ಮದಸಾಬನಿಗೆ ಕೂತಲ್ಲಿಂದಲೇ ತಿಳಿಯಿತು.

ದೋಣಿಯ ಹಿಂಬದಿಯಲ್ಲಿದ್ದಂತೆ ಮೂತಿಯ ಕಡೆಯೂ ಐದು ಹಲಗೆಗಳ ಒಂದು ಅಟ್ಟಣಿಗೆ ಇತ್ತು, ಕೆಳಗೆ ಟೊಳ್ಳು. ಹಿಂದಿನ ರವಿವಾರ ಅವನೇ ಒಂದೊಂದು ಹಲಗೆಗೂ ನಾಲ್ಕು ಮೊಳೆ ಹೊಡೆದು, ತಲೆಗಳನ್ನು ಕಟ್ಟಿಗೆಯೊಳಗೆ ಇಳಿಸಿ, ಮೇಲೆ ಮೇಣ ತುಂಬಿದ್ದ. ಈಗ ಎರಡನೆಯ ಹಲಗೆಯಲ್ಲಿ ಮೇಣ ಇರಲಿಲ್ಲ. ಮೊಳೆಗಳು ಹೊಸವು, ತನ್ನವಕ್ಕಿಂತ ಒಂದು ಗೆರೆಯಷ್ಟು ದಪ್ಪ. ಸುತ್ತಲೂ ಸುತ್ತಿಗೆಯ ಅಂಚು ಕಚ್ಚಿದ ಗುರುತು. ಬಡಿಗತನ ಕಲಿತವನು ಯಾರೂ ಹಾಗೆ ಹೊಡೆಯುವುದಿಲ್ಲ.

ದೋಣಿಯ ಮೇಲೆ ಯಾರಾದರೂ ಹತ್ತಿದ್ದರೇನು ಎಂದು ಅವನು ಕೇಳಿದ. ಎಂಜಿನ್ನಿನ ಮೇಲೆ ಬಾಗಿಕೊಂಡಿದ್ದ ಹೊಳಬಸಪ್ಪ ತಲೆ ಎತ್ತದೆ, ಕುರಿ ಕಾಯುವವರು ಕೂತಿರಬೇಕು ಎಂದ. ಕುರಿ ಕಾಯುವವರು ಮೊಳೆ ಕಿತ್ತು ಮತ್ತೆ ಹೊಡೆಯುತ್ತಾರೆಯೇ ಎಂಬ ಮಾತು ಅಹ್ಮದಸಾಬನ ಬಾಯಿಗೆ ಬಂದಿತ್ತು. ನುಂಗಿಕೊಂಡ. ಹೊಳಬಸಪ್ಪನ ಕಿವಿ ಕೆಂಪಾಗಿದ್ದನ್ನು ನೋಡಿದ್ದ.

೧೯೮೩ರ ಚಳಿಗಾಲ ಅದು. ನಾರಾಯಣಪುರದ ಆಣೆಕಟ್ಟಿನ ಹಿನ್ನೀರು ಮರೋಳದ ಹತ್ತಿರದ ಹೊಲಗಳವರೆಗೂ ಬಂದು ನಿಂತಿತ್ತು. ಮೊದಲು ಹೊಳೆ ದಾಟಿಸುತ್ತಿದ್ದ ಒಂದು ಹಳೆಯ ದೋಣಿ ದಂಡೆಯ ಬೇವಿನ ಮರದ ಕೆಳಗೆ ಬೋರಲಾಗಿ ಬಿದ್ದಿತ್ತು. ಅದನ್ನು ನೇರ್ಪು ಮಾಡಿ, ಪಂಪಸೆಟ್ಟಿನ ಎಂಜಿನ್ ಕೂರಿಸಿ, ರವಿವಾರಕ್ಕೊಮ್ಮೆ ನೀರಿನ ಮೇಲೆಯೇ ಕೂಡಲಸಂಗಮದ ಕಡೆ ಹೋಗಿಬರಬೇಕೆಂಬ ಹುಚ್ಚು ಹುನಗುಂದದ ಮೂವರಿಗೆ ಹಿಡಿದಿತ್ತು. ಅಹ್ಮದಸಾಬ ಬಡಿಗ. ಅವನ ಅಪ್ಪ ಕೃಷ್ಣೆಯ ದಂಡೆಯಲ್ಲಿ ದೋಣಿ ರಿಪೇರಿ ಮಾಡಿಕೊಂಡಿದ್ದವನು. ಹೊಳಬಸಪ್ಪ ಪಂಪಸೆಟ್ ರಿಪೇರಿಯವನು, ಹುಟ್ಟಿದ್ದು ಬಾದಾಮಿ ಕಡೆಯ ಚೊಳಚಗುಡ್ಡದಲ್ಲಿ. ಸಣ್ಣವನಿದ್ದಾಗ ಮಲಪ್ರಭೆಯ ಮಹಾಪೂರದಲ್ಲೇ ಈಸಿದವನು ತಾನೆಂದು ಹೇಳಿಕೊಳ್ಳುತ್ತಿದ್ದ. ಮೂರನೆಯವರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಗುರಲಿಂಗಪ್ಪನವರು. ಅವರಿಗೆ ಮೊಳೆ ಹೊಡೆಯಲೂ ಬಾರದು, ಆದರೆ ದೋಣಿಗೆ ಯಾವ ಬಣ್ಣ ಬಳಿಯಬೇಕೆಂದು ಆಗಲೇ ನಾಲ್ಕು ಚಿತ್ರ ಬರೆದಿಟ್ಟಿದ್ದರು.

ಮೂವರನ್ನು ಕೂಡಿಸಿದ್ದು ದೋಣಿಯಲ್ಲ, ಹಾಡು. ಶನಿವಾರ ಸಂಜೆ ಐದರ ಬಸ್ಸಿಗೆ ಇಳಕಲ್ಲಿಗೆ ಹೋಗುತ್ತಿದ್ದರು. ಬಸ್‌ಸ್ಟ್ಯಾಂಡಿನ ಹಿಂದಿನ ಬಾರಿನಲ್ಲಿ ಹೊಳಬಸಪ್ಪನೂ ಮಾಸ್ತರರೂ ಒಂದು ಬೀರು ಹಂಚಿಕೊಳ್ಳುವರು. ಕುಡಿಯದ ಅಹ್ಮದಸಾಬ ಗೋಲಿಸೋಡಾ ಹಿಡಿದು, ಹುರಿದ ಶೇಂಗಾ ತಿನ್ನುತ್ತ ಕೂಡುವನು. ಅಲ್ಲಿಂದ ಸೀರೆ ವ್ಯಾಪಾರಿ ಸಂಗಯ್ಯನ ಮಾಳಿಗೆಯ ಬೈಠಕ್ಕಿಗೆ. ಕೆಳಗೆ ಮಗ್ಗಗಳ ಸದ್ದು ನಿಂತ ನಂತರ ಮೇಲೆ ಹಾಡು ಸುರುವಾಗುತ್ತಿತ್ತು. ಮಾಸ್ತರರದು ಹಾರ್ಮೋನಿಯಂ, ಹೊಳಬಸಪ್ಪನದು ನಾಟ್ಯಗೀತೆ, ಅಹ್ಮದಸಾಬನದು ತಬಲಾ. ಎಂಟೂವರೆಯ ಬಸ್ಸಿಗೆ ವಾಪಸು. ಮರುದಿನ ಬೆಳಗ್ಗೆ ಹೊಳಬಸಪ್ಪನ ಮೋಟರ್‌ಸೈಕಲ್ಲಿನ ಮೇಲೆ ಮೂವರೂ ಒತ್ತಿಕೊಂಡು ಮರೋಳಕ್ಕೆ. ಹೀಗೆ ಐದು ತಿಂಗಳು ನಡೆದಿತ್ತು. ಅಹ್ಮದಸಾಬ ತಳದ ಕೊಳೆತ ಹಲಗೆಗಳನ್ನು ಬದಲಿಸಿದ್ದ, ಸಂದುಗಳಿಗೆ ಪುಂಡಿನಾರು ತುರುಕಿ ಡಾಂಬರು ಎರೆದಿದ್ದ. ಇನ್ನು ಎಂಜಿನ್ ಕೂತರೆ ಆಯಿತು ಎನ್ನುವಾಗ ಈ ಮೊಳೆ.

ಆ ಮಧ್ಯಾಹ್ನ ಅವನು ಒಬ್ಬನೇ ಇಂದ್ರಾಬಾಯಿಯ ಚಹಾದಂಗಡಿಗೆ ಹೋದ. ನೀರೆತ್ತುವ ಯೋಜನೆಯ ಕೆಲಸಗಾರರಿಗೆಂದು ಅವಳು ದಂಡೆಯ ಮೇಲೆ ತಗಡಿನ ಅಂಗಡಿ ಹಾಕಿದ್ದಳು. ಬಂದುಹೋಗುವವರೆಲ್ಲ ಅವಳ ಕಣ್ಣಿಗೆ ಬೀಳುತ್ತಿದ್ದರು. ಬುಧವಾರ ನಿಮ್ಮ ಎಂಜಿನ್ನಿನವರು ಬಂದಿದ್ದರು ಎಂದು, ಕೇಳುವ ಮೊದಲೇ ಅವಳು ಹೇಳಿದಳು. ಜೊತೆಗೆ ಒಬ್ಬ ಗಡ್ಡದವನಿದ್ದ. ಮೋಟರ್‌ಸೈಕಲ್ಲಿನ ಎರಡೂ ಮಗ್ಗಲಿಗೆ ಗೋಣಿತಟ್ಟು ಮುಚ್ಚಿ ಏನನ್ನೋ ಕಟ್ಟಿದ್ದರು. ಹೋಗುವಾಗ ಖಾಲಿ ಹೋದರು.

"ಚಾ ಕುಡೀರೆಂದ್ರ ಒಲ್ಲೆ ಅಂದ್ರು. ಮಾರಿ ತಪ್ಪಿಸಿಕೊಂಡು ಹ್ವಾದ್ರು ನೋಡ್ರಿ" ಎಂದಳು ಇಂದ್ರಾಬಾಯಿ.

ಹಿನ್ನೀರು ಬಂದಾಗಿನಿಂದ ಆಚೆ ದಂಡೆಯಿಂದ ಈಚೆಗೆ ಕಳ್ಳಬಟ್ಟಿ ಸಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಅಬಕಾರಿಯವರು ಎರಡು ಸಲ ಬಂದು ಮೀನುಗಾರರ ಬುಟ್ಟಿಗಳನ್ನು ಸುರಿದು ನೋಡಿ ಹೋಗಿದ್ದರು. ದೋಣಿಗೆ ನೀರಾವರಿ ಆಫೀಸಿನಿಂದ ತಂದ ಪರವಾನಗಿ ಇದ್ದದ್ದು ಅಹ್ಮದಸಾಬನ ಹೆಸರಿನಲ್ಲಿ. ಮಾಸ್ತರರು ಸರಕಾರಿ ನೌಕರ, ಅವರ ಹೆಸರು ಬೇಡ, ದೋಣಿ ಕಟ್ಟುವವನ ಹೆಸರಿನಲ್ಲೇ ಇರಲಿ ಎಂದು ಮೊದಲು ಬಾಯಿ ಬಿಟ್ಟವನು ಹೊಳಬಸಪ್ಪನೇ. ಆಗ ಅದೊಂದು ಮರ್ಯಾದೆ ಎನಿಸಿತ್ತು. ಈಗ ಬೇರೆಯೇ ಕಾಣತೊಡಗಿತು. ಅವನ ಹೆಂಡತಿಯ ತಮ್ಮ ಇಮಾಮಸಾಬ ಒಮ್ಮೆ ನೆರೆಯವನಿಗೆ ಚಕ್ಕಡಿ ಕೊಟ್ಟಿದ್ದ. ಹೊಟ್ಟಿನ ಕೆಳಗೆ ಕಳ್ಳಬಟ್ಟಿಯ ಕೊಡಗಳಿದ್ದುದು ಅವನಿಗೆ ಗೊತ್ತೇ ಇರಲಿಲ್ಲ. ಚಕ್ಕಡಿ ಯಾರದು ಎಂಬ ಒಂದೇ ಪ್ರಶ್ನೆಯಲ್ಲಿ ಅವನು ಆರು ತಿಂಗಳು ಒಳಗೆ ಕೂತು ಬಂದ.

ಮುಂದಿನ ಶನಿವಾರ ಬಾರಿನಲ್ಲಿ ಅಹ್ಮದಸಾಬ ಸೋಡಾ ಕುಡಿಯಲಿಲ್ಲ. ಹೊಳಬಸಪ್ಪನನ್ನೇ ನೋಡುತ್ತ ಕೂತಿದ್ದ. ಅರ್ಧ ಗ್ಲಾಸು ಉಳಿದಿರುವಾಗಲೇ ಬಾಗಿಲಲ್ಲಿ ಒಬ್ಬ ಗಡ್ಡದವನು ನಿಂತ. ಹೊಳಬಸಪ್ಪ ಎದ್ದು ಹೋದ. ತಿರುಗಿ ಬಂದು, ಯಾರೋ ಎಂಜಿನ್ನಿನ ಗಿರಾಕಿ ಎಂದ. ಬೈಠಕ್ಕಿನಲ್ಲಿಯೂ ಹಾಗೆಯೇ, ಎರಡನೆಯ ಹಾಡು ಮುಗಿಸಿ, ಬಾಯಿ ಒಣಗಿತು, ನೀರು ಕುಡಿದು ಬರುತ್ತೇನೆಂದು ಇಳಿದುಹೋದ. ಅಹ್ಮದಸಾಬ ತಬಲಾ ಪಕ್ಕದವನಿಗೆ ಸರಿಸಿ ಹಿಂದೆಯೇ ಇಳಿದ. ಮೆಟ್ಟಿಲ ತಿರುವಿನಲ್ಲಿ ನಿಂತರೆ ಮಗ್ಗದ ಕೋಣೆಯಿಂದ ಮಾತು ಕೇಳಿಸುತ್ತಿತ್ತು.

"ಇನ್ನ ನಾಕು ಬೇಕು. ಬಾಯಿ ಗಟ್ಟಿ ಮುಚ್ಚು, ಹನಿ ಸೋರಬಾರ್ದು" ಎನ್ನುತ್ತಿದ್ದ ಹೊಳಬಸಪ್ಪ. "ಮತ್ತ ಅಹ್ಮದಗ ಮಾತ್ರ ಗೊತ್ತಾಗಬಾರ್ದು ನೋಡಪಾ. ಅಂವಗ ಗೊತ್ತಾದ್ರ ಮುಗೀತು."

ಅಹ್ಮದಸಾಬ ಮತ್ತೆ ಮೇಲೆ ಹತ್ತಿಹೋಗಿ ತಬಲಾ ಎಳೆದುಕೊಂಡ. ಆ ಸಂಜೆ ಮೂರು ಸಲ ತಾಳ ತಪ್ಪಿದ. ಸಂಗಯ್ಯ ನಗಾಡಿದ, ಸೋಡಾನೇ ಏರಿತೇನು ಎಂದು.

ಬಸ್ಸಿನಲ್ಲಿ ಹೊಳಬಸಪ್ಪ ಮುಂದಿನ ಸೀಟಿನಲ್ಲಿ ನಿದ್ದೆ ಹೋದ. ಹಿಂದಿನ ಸೀಟಿನಲ್ಲಿ ಅಹ್ಮದಸಾಬ ಮಾಸ್ತರರ ಕಿವಿಯಲ್ಲಿ ಎಲ್ಲವನ್ನೂ ಹೇಳಿದ. ಒಬ್ಬನೇ ಹೊತ್ತುಕೊಳ್ಳಲಾರದೆ ಹೇಳಿದ್ದು. ಮಾಸ್ತರರ ಮುಖ ಬಿಳಿಚಿಕೊಂಡಿತು. ತಮ್ಮ ನೌಕರಿ, ತಮ್ಮ ಪೆನ್ಶನ್ ಎಂದು ಏನೇನೋ ಗೊಣಗಿದರು. ಮರುದಿನ ಜ್ವರ ಬಂದಿದೆ ಎಂದು ಹೇಳಿಕಳುಹಿಸಿ ಮನೆಯಲ್ಲೇ ಉಳಿದರು. ದಂಡೆಯಲ್ಲಿ ಇಬ್ಬರೇ ಕೆಲಸ ಮಾಡಿದರು. ಹೊಳಬಸಪ್ಪ ತೋಡಿ ರಾಗವನ್ನು ಗುನುಗುತ್ತ ಎಂಜಿನ್ನಿನ ಬೋಲ್ಟು ಬಿಗಿಯುತ್ತಿದ್ದ. ಇಷ್ಟು ನಿಶ್ಚಿಂತೆಯಿಂದ ಇರಬೇಕಾದರೆ ಎಂಥ ಕಲ್ಲೆದೆಯವನಿರಬೇಕು ಎಂದುಕೊಂಡ ಅಹ್ಮದಸಾಬ. ಎರಡನೆಯ ಹಲಗೆಯ ಮೇಲೆ ಅವನು ಕಾಲಿಡಲಿಲ್ಲ.

ಗುರುವಾರ ಅಂಗಡಿ ಮುಚ್ಚಿ, ಸೈಕಲ್ ತುಳಿದುಕೊಂಡು ಒಬ್ಬನೇ ಮರೋಳಕ್ಕೆ ಹೋದ. ಬಿಸಿಲು ನೆತ್ತಿಯ ಮೇಲಿತ್ತು. ದಂಡೆಯಲ್ಲಿ ಯಾರೂ ಇರಲಿಲ್ಲ. ಉಳಿ ಹಾಕಿ ಹಲಗೆ ಎಬ್ಬಿಸಿದ.

ಕೆಳಗೆ ಎಣ್ಣೆಯ ಡಬ್ಬಿಗಳು. ಹೊಳೆಯುವ ಚೌಕ ತಗಡಿನ ಡಬ್ಬಿಗಳನ್ನು ಒತ್ತಾಗಿ ಸೇರಿಸಿಟ್ಟು, ಅಲುಗದಂತೆ ನಡುವೆ ಗೋಣಿತಟ್ಟು ತುರುಕಿದ್ದರು. ಮೂತಿಯ ಕಡೆ ನಾಲ್ಕು. ಹಿಂದಿನ ಅಟ್ಟಣಿಗೆಯಲ್ಲೂ ಹೊಸ ಮೊಳೆ ಕಂಡವು, ಎಬ್ಬಿಸಿದರೆ ಅಲ್ಲಿಯೂ ನಾಲ್ಕು. ಎಲ್ಲಕ್ಕೂ ಬಾಯಿಗೆ ಬೆಸುಗೆ. ತಾನು ಅಂದುಕೊಂಡದ್ದೇ ಸರಿಯಾಯಿತು ಎಂಬ ಒಂದು ಬಗೆಯ ಸಮಾಧಾನ ಅಹ್ಮದಸಾಬನಿಗೆ ಆಯಿತು, ಸುಳ್ಳು ಯಾಕೆ ಹೇಳಬೇಕು. ಒಂದು ಡಬ್ಬಿಯ ನೆತ್ತಿಗೆ ಮೊಳೆಯಿಟ್ಟು ಸುತ್ತಿಗೆಯಿಂದ ಹೊಡೆದ. ಸಾರಾಯಿ ಚಿಮ್ಮಲಿಲ್ಲ. ಮೂಗು ಹಚ್ಚಿದ. ಹಳೆಯ ಶೇಂಗಾ ಎಣ್ಣೆಯ ಕಮಟು ವಾಸನೆ, ಅಷ್ಟೇ. ಎರಡನೆಯದಕ್ಕೂ ಹೊಡೆದ. ಮೂರನೆಯದಕ್ಕೂ. ಮೂರೂ ಖಾಲಿ.

ಆಗ ಡಬ್ಬಿಯನ್ನು ಕೈಯಲ್ಲಿ ಎತ್ತಿ ನೋಡಿದ. ಮೊದಲೇ ಎತ್ತಿದ್ದರೆ ಹಗುರ ಎಂದು ತಿಳಿಯುತ್ತಿತ್ತು. ಎತ್ತುವ ತಾಳ್ಮೆ ಇರಲಿಲ್ಲ.

ಖಾಲಿ ಡಬ್ಬಿಗೆ ಬೆಸುಗೆ ಹಾಕಿ ಯಾಕೆ ಬಚ್ಚಿಡಬೇಕು? ಬಡಿಗನಿಗೆ ಅದು ಹೊಳೆಯಲು ಹೊತ್ತು ಹಿಡಿಯಲಿಲ್ಲ. ಗಾಳಿ ತುಂಬಿದ ಎಂಟು ಡಬ್ಬಿ ಹೊಟ್ಟೆಯಲ್ಲಿದ್ದರೆ ದೋಣಿಗೆ ನೀರು ನುಗ್ಗಿದರೂ ಅದು ಮುಳುಗುವುದಿಲ್ಲ. ಆದರೆ ಹೊಳಬಸಪ್ಪನಿಗೆ ಅದೆಲ್ಲ ಯಾಕೆ? ಮಹಾಪೂರದಲ್ಲಿ ಈಸಿದವನಿಗೆ?

ಹಲಗೆಗಳನ್ನು ಮತ್ತೆ ಕೂರಿಸಿ, ತೂತು ಬಿದ್ದ ಮೂರು ಡಬ್ಬಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಅವನು ಹೊರಟ. ಮರುದಿನ ಬಸ್ಸಿನ ಮೇಲೆ ಹಾಕಿಕೊಂಡು ಇಳಕಲ್ಲಿಗೆ ಹೋಗಿ, ಡಬ್ಬಿ ಬೆಸೆಯುವವರ ಓಣಿಯಲ್ಲಿ ವಿಚಾರಿಸಿದ. ಗಡ್ಡದವನು ಸಿಕ್ಕ. ಹೆಸರು ಶಾಬುದ್ದೀನ. ಡಬ್ಬಿಗಳನ್ನು ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ಕೆಂಡ ಊದುತ್ತ, ಬೇಡಬೇಡವೆನ್ನುತ್ತಲೇ ಬಾಯಿ ಬಿಟ್ಟ. ಹೊಳಬಸಪ್ಪನಿಗೆ ಈಸು ಬಾರದು. ಅವನ ಅಣ್ಣ ಚೊಳಚಗುಡ್ಡದಲ್ಲಿ ಮಲಪ್ರಭೆಯ ಪಾಲಾದಾಗ ಅವನಿಗೆ ಒಂಬತ್ತು ವರ್ಷ. ದಂಡೆಯಲ್ಲೇ ನಿಂತಿದ್ದನಂತೆ. ಅಂದಿನಿಂದ ಮೊಣಕಾಲು ನೀರಿಗೂ ಇಳಿದವನಲ್ಲ. ಗೆಳೆಯರ ಮುಂದೆ ಹೇಳಿಕೊಳ್ಳಲು ನಾಚಿಕೆ. ಅದಕ್ಕಿಂತ ಹೆಚ್ಚಾಗಿ, ಅಹ್ಮದಸಾಬ ಐದು ತಿಂಗಳು ಬೆವರು ಸುರಿಸಿ ಕಟ್ಟಿದ ದೋಣಿ. ಅದರ ಮೇಲೆ ನಂಬಿಗೆ ಇಲ್ಲ ಎಂದು ಅವನಿಗೆ ಅನಿಸಬಾರದು, ಬಡಿಗನ ಮನಸ್ಸು ನೋಯಬಾರದು ಎಂದು ಹತ್ತು ಸಲ ಹೇಳಿದ್ದನಂತೆ.

ಶಾಬುದ್ದೀನ ತೂತು ಮುಚ್ಚಿಕೊಟ್ಟ. ಯಾರಿಗೂ ತಿಳಿಯದ ಹಾಗೆ ಮತ್ತೆ ಒಳಗಿಟ್ಟು ಹಲಗೆ ಹೊಡೆದುಬಿಡಿ, ಎಲ್ಲ ಮುಗಿಯುತ್ತದೆ ಎಂದೂ ಹೇಳಿದ. ಮುಗಿಯುತ್ತಿರಲಿಲ್ಲ. ಮಾಸ್ತರರ ಕಿವಿಗೆ ಹಾಕಿಯಾಗಿತ್ತಲ್ಲ. ಹುನಗುಂದದಲ್ಲಿ ಇಳಿದವನೇ ಅಹ್ಮದಸಾಬ ಅವರ ಮನೆಗೆ ಹೋಗಿ, ಡಬ್ಬಿ ಖಾಲಿ ಇವೆ, ನಾನು ತಪ್ಪು ತಿಳಿದೆ ಎಂದ. ಮಾಸ್ತರರು ಬಾಗಿಲನ್ನು ಅರ್ಧ ತೆರೆದು ನಿಂತೇ ಕೇಳಿದರು.

"ಮೂರು ಖಾಲಿ ಅದಾವಂದಿ. ಉಳಿದ ಐದು ನೋಡಿದಿಯೇನು?"

ನೋಡಿರಲಿಲ್ಲ. ರಾತ್ರಿಯೆಲ್ಲ ಆ ಐದು ಡಬ್ಬಿಗಳು ಅಹ್ಮದಸಾಬನನ್ನು ಕಾಡಿದವು. ಶಾಬುದ್ದೀನ ಹೊಳಬಸಪ್ಪನ ಮನುಷ್ಯನೇ ಅಲ್ಲವೇ, ಹೇಳಿಕೊಟ್ಟ ಕಥೆ ಹೇಳಿದ್ದರೆ? ಇಂಥ ಯೋಚನೆ ತನ್ನ ತಲೆಯಲ್ಲಿ ಮತ್ತೆ ಹುಟ್ಟುವುದನ್ನು ಕಂಡು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಶನಿವಾರದ ಬಸ್ಸನ್ನೂ ಅವನು ಹಿಡಿಯಲಿಲ್ಲ. ರವಿವಾರ ಮಾಸ್ತರರಿಲ್ಲದೆ ಇಬ್ಬರೇ ದಂಡೆಗೆ ಹೋದ ಕೂಡಲೇ, ಗೋಣಿಯಲ್ಲಿ ಕಟ್ಟಿ ತಂದಿದ್ದ ಮೂರು ಡಬ್ಬಿಗಳನ್ನು ಹೊಳಬಸಪ್ಪನ ಮುಂದಿಟ್ಟ. ನಿನ್ನ ಹಲಗೆ ಎಬ್ಬಿಸಿದ್ದು ನಾನು, ತೂತು ಹೊಡೆದದ್ದು ನಾನು, ಕಳ್ಳಬಟ್ಟಿ ಅಂದುಕೊಂಡಿದ್ದೆ ಎಂದು ಒಂದೇ ಉಸಿರಿಗೆ ಹೇಳಿದ. ಹೊಳಬಸಪ್ಪ ಒಂದು ಡಬ್ಬಿ ಎತ್ತಿ, ಮುಚ್ಚಿದ ತೂತಿನ ಮೇಲೆ ಹೆಬ್ಬೆರಳು ಆಡಿಸಿದ.

"ಮಾಸ್ತರಗ ಹೇಳಿದ್ಯಾ?"

"ಹೇಳೇನಿ."

"ಹಂಗಾಗಿ ಅವರಿಗೆ ಜ್ವರ ಬಂದಾವ." ಅವನು ದೋಣಿಗೆ ಹತ್ತಿ, ಉಳಿದ ಐದು ಡಬ್ಬಿಗಳನ್ನು ತಾನೇ ತೆಗೆದು ಸಾಲಾಗಿ ಇಟ್ಟ. ಒಂದು ಮೊಳೆಯನ್ನೂ ಸುತ್ತಿಗೆಯನ್ನೂ ಅಹ್ಮದಸಾಬನ ಕೈಗೆ ಕೊಟ್ಟ. "ಇವನ್ನೂ ಒಡದು ನೋಡು. ನಾಳೆ ಮತ್ತ ಮನಸ್ಸಿನ್ಯಾಗ ಹುಳಾ ಆಡೂದು ಬ್ಯಾಡ."

ಅಹ್ಮದಸಾಬ ಮೊಳೆಯನ್ನು ನೀರಿಗೆ ಎಸೆದ. ಡಬ್ಬಿಗಳನ್ನು ಒಂದೊಂದಾಗಿ ಒಳಗಿಟ್ಟು, ಗೋಣಿತಟ್ಟು ತುರುಕಿ, ತನ್ನ ಮೊಳೆಗಳಿಂದ ತನ್ನ ರೀತಿಯಲ್ಲಿ ಹಲಗೆ ಹೊಡೆದು ಮೇಣ ತುಂಬಿದ. ಎಲ್ಲವೂ ಹಗುರವೆಂದು ಎತ್ತಿದ ಕೈಗೆ ತಾನಾಗಿಯೇ ತಿಳಿಯಿತು, ಒಂದನ್ನೂ ಅಲುಗಿಸಿ ನೋಡಲಿಲ್ಲ. ಅವನು ಕೆಲಸ ಮುಗಿಸಿ ತಲೆ ಎತ್ತುವಷ್ಟರಲ್ಲಿ ಹೊಳಬಸಪ್ಪ ಮೋಟರ್‌ಸೈಕಲ್ ಹತ್ತಿ ಹೋಗಿಬಿಟ್ಟಿದ್ದ. ಅಹ್ಮದಸಾಬ ನೀರೆತ್ತುವ ಯೋಜನೆಯ ಟ್ರ್ಯಾಕ್ಟರಿನಲ್ಲಿ ನಿಂತುಕೊಂಡು ಊರಿಗೆ ಬಂದ.

ಆಮೇಲೆ ಮೂರು ಶನಿವಾರ ಯಾರೂ ಇಳಕಲ್ಲಿಗೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಸಂಗಯ್ಯ ಪತ್ರ ಬರೆದ. ಮಾಸ್ತರರು ಬಜಾರಿನಲ್ಲಿ ಸಿಕ್ಕರೂ ದೋಣಿಯ ಸುದ್ದಿ ಎತ್ತುತ್ತಿರಲಿಲ್ಲ. ನಾಲ್ಕೂ ಚಿತ್ರಗಳನ್ನು ಒಬ್ಬ ವಿದ್ಯಾರ್ಥಿಗೆ ಕೊಟ್ಟುಬಿಟ್ಟರೆಂದು ತಿಳಿಯಿತು. ಅಹ್ಮದಸಾಬ ಎರಡು ಸಲ ಹೊಳಬಸಪ್ಪನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಒಳಗೆ ಹೋಗಲಾರದೆ ತಿರುಗಿಬಂದ.

ಮೂರನೆಯ ರವಿವಾರ ಬೆಳಗ್ಗೆ ಹೊಳಬಸಪ್ಪನೇ ಅವನ ಮನೆಯ ಮುಂದೆ ಗಾಡಿ ನಿಲ್ಲಿಸಿದ. ಇಳಿಯಲಿಲ್ಲ. ಅಹ್ಮದಸಾಬನ ಹೆಂಡತಿ ಜುಲೇಖಾ ಚಹಾ ತಂದರೂ ಮುಟ್ಟಲಿಲ್ಲ.

"ನಿನಗ ಈಸು ಬರ್ತೈತಿ. ನನಗ ಕಲಸ್ತಿಯೇನು?" ಎಂದ. "ಆ ಡಬ್ಬಿ ನಂಬಿ ನಾ ನೀರಿಗೆ ಹೋಗೂದಿಲ್ಲ ಇನ್ನ."

ಮರೋಳದ ದಂಡೆಯಲ್ಲಿ, ಹಳೆಯ ಹೊಲವೊಂದರ ಮೇಲೆ ನಿಂತ ಸೊಂಟಮಟ್ಟದ ನೀರಿಗೆ ಇಬ್ಬರೂ ಇಳಿದರು. ಹೊಳಬಸಪ್ಪನ ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಅಹ್ಮದಸಾಬ ಅವನನ್ನು ಅಂಗಾತ ಮಲಗಿಸಿ ಬೆನ್ನಿನ ಕೆಳಗೆ ಅಂಗೈ ಕೊಟ್ಟ. ಆಕಾಶ ನೋಡು, ಮೈ ಸಡಿಲ ಬಿಡು ಎಂದ. ಹೊಳಬಸಪ್ಪ ಆಕಾಶ ನೋಡಲಿಲ್ಲ. ಎರಡು ಕ್ಷಣಕ್ಕೊಮ್ಮೆ ಕತ್ತು ತಿರುಗಿಸಿ, ಅಹ್ಮದಸಾಬನ ಮೊಣಕೈ ನೀರಿನಲ್ಲಿ ಇನ್ನೂ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದ. ಅಹ್ಮದಸಾಬ ಕೈ ಜೋಮು ಹಿಡಿಯುವವರೆಗೂ ಹಾಗೇ ನಿಂತಿದ್ದ, ಆಮೇಲೆ ಇನ್ನೊಂದು ಕೈ ಕೊಟ್ಟ.