ಹಸಿರು ಸೊನ್ನೆ

ಹಸಿರು, ಎಂಥ ತಣ್ಣಗಿನ ಹಸಿರು, ಟ್ಯಾಂಕಿನ ಪಕ್ಕದ ಬೋರ್ಡಿನಲ್ಲಿ ಒಳಗಿನ ವಿಷಾನಿಲ ಎಂಬುದರ ಮುಂದೆ ಆ ಸೊನ್ನೆ ಹೊಳೆಯುತ್ತಲೇ ಇದೆ, ಇಳಿಯುವ ಮುಂಚೆ ಭಾವ ಅದನ್ನೇ ನೋಡಿ ತಲೆಯಾಡಿಸಿದ್ದರು, ಈಗ ಟ್ಯಾಂಕಿನ ತಳದಲ್ಲಿ ಬಿದ್ದಿದ್ದಾರೆ, ಕೂಗಿದರೆ ಓಗೊಡುತ್ತಿಲ್ಲ — ಒಂದು ಮಾತಿಗೆ ಹತ್ತು ಮಾತಾಡುವ ಮನುಷ್ಯ, ಅಕ್ಕನ ಬಾಯಿಯನ್ನೇ ಮುಚ್ಚಿಸುವವರು, ನಮ್ಮ ನಾದಿನಿ ರೀ, ಕಂಪ್ಯೂಟರ್ ಅಂದ್ರೆ ನೀರು ಕುಡಿದ ಹಾಗೆ ಅವಳಿಗೆ ಎಂದು ಇವಳನ್ನು ಈ ಬೋರ್ಡಿನ ಪ್ರೋಗ್ರಾಮು ಬರೆಯುವ ಕೆಲಸಕ್ಕೆ ಸೇರಿಸಿದವರು. ಅವರೇ ಅಲ್ಲವೇ ಕೇಳಿದ್ದು, ಇದೇನಮ್ಮ ನಿನ್ನ ಬೋರ್ಡು, ಒಂದೊಂದ್ಸಲ ಅಂಕಿ ಬದ್ಲು ಇಂಗ್ಲಿಷಲ್ಲಿ ನಲ್ ನಲ್ ಅಂತ ಬರುತ್ತೆ, ನಮ್ಮ ಹುಡುಗರು ನಗ್ತಾರೆ, ಅಂಕಿ ಬರೋ ಹಾಗೆ ಮಾಡು — ಮಾಡಿದಳು. ಬೋರ್ಡಿನ ವಾಕ್ಯದ ನಡುವೆ ಖಾಲಿ ಆವರಣಚಿಹ್ನೆ ಬಿಟ್ಟರೆ ಪ್ರೋಗ್ರಾಮು ಅದರೊಳಗೆ ಟ್ಯಾಂಕಿನ ಸೆನ್ಸರ್ ಅಳೆದ ಸಂಖ್ಯೆ ತುಂಬುತ್ತದೆ, ಹೇಗೆ ತುಂಬಬೇಕೆಂಬ ನಿಯಮವನ್ನು ನಾವೇ ಬದಲಿಸಿಕೊಳ್ಳಬಹುದು, ಬದಲಿಸಿದಳು: ಏನೂ ಬಾರದಿದ್ದರೆ, ನಲ್ ಬದಲು ಸೊನ್ನೆ. ಒಂದೇ ಸಾಲು. ಎಷ್ಟು ಚೊಕ್ಕ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು, ದರಿದ್ರದವಳು, ಸೆನ್ಸರೇ ಸತ್ತರೂ ಏನೂ ಬರುವುದಿಲ್ಲವಲ್ಲ, ಅದು ಯಾಕೆ ಹೊಳೆಯಲಿಲ್ಲ, ಅಗೋ ಅದರ ತಂತಿ, ತುಂಡಾಗಿ ಏಣಿಯ ಪಕ್ಕದಲ್ಲಿ ನೇತಾಡುತ್ತಿದೆ, ಯಾರ ಕಣ್ಣಿಗೂ ಬಿದ್ದಿಲ್ಲ — ವೆಲ್ಡರ್ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಾನೆ, ಮಾಸ್ಕ್ ಬರೋ ತನಕ ಯಾಕ್ರೀ ಕಾಯೋದು, ಬೋರ್ಡಲ್ಲಿ ಸೊನ್ನೆ ಇದೆ, ಕಾಲು ಜಾರಿ ಬಿದ್ದಿರ್ಬೇಕು, ಈಗ ಎತ್ಕೊಂಡ್ ಬರ್ತೀನಿ — ಇಳಿಯಲಿ, ಇಳಿದುಬಿಡಲಿ, ಭಾವನನ್ನು ಎತ್ತಿಕೊಂಡು ಬರಲಿ, ಒಂದು ಗಳಿಗೆ ತಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವನ ಒಂದು ಕಾಲು ಆಗಲೇ ಏಣಿಯ ಮೇಲಿದೆ, ಅವನಿಗೂ ಮನೆಯಲ್ಲಿ ಹೆಂಡತಿ ಇದ್ದಾಳೆ, ಬಸುರಿ — ಇಳೀಬೇಡಿ, ಅದು ತನ್ನದೇ ದನಿ, ಆ ಸೊನ್ನೆ ಸುಳ್ಳು, ನಾನೇ ಹಾಕಿದ್ದು, ಒಳಗೆ ಗ್ಯಾಸಿದೆ.

ವೆಲ್ಡರ್ ಕಾಲು ಹಿಂದೆ ತೆಗೆದ, ಎಲ್ಲರೂ ಹಿಂದೆ ಸರಿದರು, ಇನ್ನು ಇಳಿಯುವವರು ಯಾರೂ ಇಲ್ಲ, ಮಾಸ್ಕುಗಳಿರುವುದು ಆಚೆ ಗೇಟಿನ ಉಗ್ರಾಣದಲ್ಲಿ, ಓಡಿದವರು ಇನ್ನೂ ಬಂದಿಲ್ಲ, ಕೈಯಲ್ಲಿ ಫೋನು ರಿಂಗಾಗುತ್ತಿದೆ, ಅಕ್ಕನದು, ನಿಮ್ಮ ಭಾವನ್ನ ಬೇಗ ಹೊರಡಿಸ್ಕೊಂಡು ಬಾರೆ ಅನ್ನಲಿಕ್ಕೇ ಮಾಡಿರುತ್ತಾಳೆ, ಯಾವ ಬಾಯಲ್ಲಿ ಹೇಳಲಿ, ಭಾವಾ ಎಂದು ಯಾರೋ ಟ್ಯಾಂಕಿನೊಳಕ್ಕೆ ಕೂಗಿದರು, ತಾನೇ ಕೂಗಿದ್ದು, ಕೆಳಗಿನಿಂದ ಏನೂ ಬರಲಿಲ್ಲ, ಏನೂ ಬಾರದಿದ್ದರೆ — ಬೋರ್ಡಿನ ಮೇಲೆ ಹಸಿರು ಸೊನ್ನೆ.